ಒಂದು ಪೊದೆ ನಂಬಿ ಉಳಿದ ಕಡ್ಡಿಹುಳ

ಇಲಿಯ ಉಪದ್ರ ತೆಂಗು-ಅಡಿಕೆ ಬೆಳೆಯುವ ನಮಗೆ ಹೊಸತಲ್ಲ. ಇಲಿಯಿಂದ ಒಂದು ಹುಳದ ವಂಶವೇ ಮುಗಿಯುವ ಹಂತಕ್ಕೆ ಬಂದದ್ದನ್ನು ಈಚೆಗೆ ಓದಿದೆ. ಆಸ್ಟ್ರೇಲಿಯದ ಲಾರ್ಡ್ ಹೋವ್ ದ್ವೀಪದ ಕತೆ ಅದು.

ಅಲ್ಲಿ ಮುಕ್ಕಾಲು ಗೇಣುದ್ದದ ಕಪ್ಪು ಕಡ್ಡಿಹುಳ ಧಾರಾಳ ಇತ್ತು, ಗಾಳಕ್ಕೆ ಸಿಕ್ಕಿಸಿ ಮೀನು ಹಿಡಿಯುವಷ್ಟು. ರೆಕ್ಕೆ ಇಲ್ಲ, ಹಾರಿ ಪಾರಾಗುವಂತಿಲ್ಲ. 1918ರಲ್ಲಿ ಮಕಾಂಬೊ ಎಂಬ ಹಡಗು ಅಲ್ಲಿ ತಳ ಕಚ್ಚಿ ನಿಂತಾಗ ಇಲಿಗಳು ದಡ ಸೇರಿದವು. 1920ರ ಹೊತ್ತಿಗೆ ಹುಳ ನಾಪತ್ತೆ.

2001ರಲ್ಲಿ, 23 ಕಿ.ಮೀ. ಆಚೆ ಬಾಲ್ಸ್ ಪಿರಮಿಡ್ ಎಂಬ ಕಡಿದಾದ ಸಮುದ್ರಬಂಡೆಯಲ್ಲಿ, ಒಂದು ಪೊದೆಯ ಆಸುಪಾಸು 24 ಹುಳ ಸಿಕ್ಕಿದವು. ಇಲಿ ಅಲ್ಲಿಗೆ ತಲಪಿರಲಿಲ್ಲ. 2003ರಲ್ಲಿ ತಂದದ್ದು ಎರಡೇ ಜೋಡಿ. ಒಂದು ಬೇಗ ಸತ್ತಿತು. ಮೆಲ್ಬರ್ನ್ ಮೃಗಾಲಯದ ಜೋಡಿಯಿಂದ ಸಾವಿರಾರು ಮರಿ ಆದವು. ಬೀಜ ಒಂದೇ ಕಣಜದಲ್ಲಿ ಇಡಬಾರದಲ್ಲ, ಮೊಟ್ಟೆಗಳನ್ನು ಬೇರೆ ದೇಶಗಳ ಮೃಗಾಲಯಕ್ಕೂ ಕಳಿಸಿದರು.

ಹುಳ ಊರಿಗೆ ಮರಳಬೇಕಾದರೆ ಇಲಿ ಹೋಗಬೇಕು. 2019ರಲ್ಲಿ ಇಡೀ ದ್ವೀಪಕ್ಕೆ ವಿಷದ ತಿನಿಸು ಹಾಕಿದರು. ನಾವು ಗಮನಿಸಬೇಕಾದ್ದು ಇಲ್ಲೇ. ವಿಷ ಹಾಕುವ ಮೊದಲೇ ಹಾರಲಾರದ ವುಡ್‌ಹೆನ್ ಹಕ್ಕಿಗಳನ್ನು ಹಿಡಿದು ಗೂಡಲ್ಲಿ ಸಾಕಿ, ಅಪಾಯ ಕಳೆದ ಮೇಲೆ ಬಿಟ್ಟರು. ನಮ್ಮಲ್ಲಿ ಇಲಿ ಸತ್ತರೆ ಮುಗಿಯಿತು. ಸತ್ತ ಇಲಿ ತಿಂದ ಗೂಗೆಯ ಗತಿ ಏನು ಅಂತ ಕೇಳುವವರು ಎಷ್ಟು ಮಂದಿ?

2021ರಲ್ಲಿ ಅಲ್ಲಿ ಪುನಃ ಕೆಲವು ಇಲಿ ಕಂಡವು. ಮತ್ತೆ ಹುಡುಕಾಟ, ಮತ್ತೆ ವಿಷ.