ಪಿಟೀಲು ವಿದ್ವಾಂಸ ಜೇಮ್ಸ್ ಸ್ಕಾಟ್ ಸ್ಕಿನ್ನರ್

ಪಿಟೀಲೆಂಬ ವಾದ್ಯ ಒಂದೇ. ಅದನ್ನು ನುಡಿಸುವ ಸಂಪ್ರದಾಯಗಳು ಹಲವು. ನಮ್ಮ ಕಛೇರಿಗಳಲ್ಲಿ ಹಾಡುಗಾರನನ್ನು ನೆರಳಿನಂತೆ ಅನುಸರಿಸುವ ಈ ವಾದ್ಯವು ಯುರೋಪಿನಲ್ಲಿ ಒಂದೆಡೆ ಶಾಸ್ತ್ರೀಯ ವಾದ್ಯವೃಂದದ ಜೀವಾಳ, ಮತ್ತೊಂದೆಡೆ ಹಳ್ಳಿಯ ಕುಣಿತದ ಸಂಗಾತಿ. ಈ ಎರಡು ವಿದ್ಯೆಗಳನ್ನೂ ಒಂದೇ ಕೈಯಲ್ಲಿ ಕೂಡಿಸಿದವನು ಸ್ಕಾಟ್ಲೆಂಡಿನ ಜೇಮ್ಸ್ ಸ್ಕಾಟ್ ಸ್ಕಿನ್ನರ್.

ಸ್ಕಿನ್ನರ್ 1843ರಲ್ಲಿ ಅಬರ್ಡೀನ್ ಸೀಮೆಯ ಬ್ಯಾಂಕರಿ ಎಂಬಲ್ಲಿ ಜನಿಸಿದನು. ನೃತ್ಯ ಶಿಕ್ಷಕನಾಗಿದ್ದ ತಂದೆ ಮಗನ ಎಳೆತನದಲ್ಲಿಯೇ ತೀರಿಕೊಂಡನು. ಅಣ್ಣನೇ ಮೊದಲ ಗುರುವಾದನು. ಬಾಲಕನು ಎಂಟು ವರ್ಷದ ಸುಮಾರಿಗೆ ಪೀಟರ್ ಮಿಲ್ನ್ ಎಂಬ ಹೆಸರಾಂತ ಪಿಟೀಲುಗಾರನೊಡನೆ ಕುಣಿತದ ಕೂಟಗಳಿಗೆ ಹೋಗಿ ಚೆಲ್ಲೋ ವಾದ್ಯವನ್ನು ನುಡಿಸುತ್ತಿದ್ದನು. ಆಗ ಅವನ ವಿದ್ಯೆಯೆಲ್ಲ ಕಿವಿಯಿಂದ ಬಂದುದು.

1855ರಲ್ಲಿ ಅವನು ಮ್ಯಾಂಚೆಸ್ಟರಿನ ಬಾಲಕರ ವಾದ್ಯವೃಂದವೊಂದನ್ನು ಸೇರಿದನು. ಅಲ್ಲಿ ಷಾರ್ಲ್ ರೂಜಿಯೆ ಎಂಬ ವಾದಕನು ಅವನಿಗೆ ಸ್ವರಲಿಪಿಯನ್ನೂ ಶಾಸ್ತ್ರೀಯ ಕ್ರಮವನ್ನೂ ಕಲಿಸಿದನು. 1858ರಲ್ಲಿ ಈ ವೃಂದವು ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ನುಡಿಸಿತು.

ತಾಯ್ನಾಡಿಗೆ ಮರಳಿದ ಸ್ಕಿನ್ನರ್ ಕಲಿತ ಶಾಸ್ತ್ರವನ್ನು ಹಳ್ಳಿಯ ಹಾಡುಗಬ್ಬವಾದ ಕುಣಿತದ ಮಟ್ಟುಗಳಿಗೇ ಮೀಸಲಾಗಿಸಿದನು. ‘ಸ್ಟ್ರಾತ್‌ಸ್ಪೇ’ ಎಂಬುದು ನಾಲ್ಕು ಎಣಿಕೆಯ ಸ್ಕಾಟಿಷ್ ಕುಣಿತದ ಮಟ್ಟು. ಚಿಕ್ಕ ಸ್ವರವೊಂದು ಚಿಮ್ಮಿ ದೀರ್ಘ ಸ್ವರದ ಮೇಲೆ ನಿಲ್ಲುವುದು ಅದರ ಲಕ್ಷಣ. ಈ ಚಿಮ್ಮುವಿಕೆಯ ಗುಟ್ಟು ಕಮಾನಿನಲ್ಲಿದೆ. ಅದನ್ನು ಬಾಯಿಮಾತಿನಲ್ಲಿ ಹೇಳುವುದು ಕಷ್ಟ. ಸ್ಕಿನ್ನರ್ ಅದನ್ನು ಬರಹಕ್ಕಿಳಿಸಿ, 1900ರ ಸುಮಾರಿಗೆ ಕಮಾನಿನ ಪ್ರಯೋಗವನ್ನು ಕುರಿತ ಕೈಪಿಡಿಯನ್ನೇ ಪ್ರಕಟಿಸಿದನು. ಆತನ ರಚನೆಗಳು 600ಕ್ಕೂ ಹೆಚ್ಚು. 1904ರ ‘ಹಾರ್ಪ್ ಅಂಡ್ ಕ್ಲೇಮೋರ್’ ಅವನ ಪ್ರಸಿದ್ಧ ಸಂಕಲನ. ಸೇನಾನಿ ಹೆಕ್ಟರ್ ಮ್ಯಾಕ್‌ಡೊನಾಲ್ಡನ ಸ್ಮರಣೆಗೆ 1903ರಲ್ಲಿ ರಚಿಸಿದ ಶೋಕಗೀತೆ ಇಂದಿಗೂ ನುಡಿಯುತ್ತಿದೆ. ನೃತ್ಯ ಶಿಕ್ಷಕ, ವಾಗ್ಗೇಯಕಾರ, ಸಭಾವಾದಕ, ಧ್ವನಿಮುದ್ರಿಕೆಗಳ ಆದ್ಯರಲ್ಲೊಬ್ಬ: ಇವೆಲ್ಲವೂ ಅವನೇ. ಜನರು ಅವನನ್ನು ‘ಸ್ಟ್ರಾತ್‌ಸ್ಪೇಯ ರಾಜ’ನೆಂದು ಕರೆದರು.

ಆದರೆ ವಿದ್ಯೆಗೆ ಬೆಲೆಯೂ ಉಂಟು. ಅವನ ಕೆಲವು ರಚನೆಗಳು ಕುಣಿಯುವವರ ಕಾಲಿಗಿಂತ ಕೇಳುವವರ ಕಿವಿಗೇ ಹೆಚ್ಚು ಒಪ್ಪುವಂಥವು. ಅವುಗಳನ್ನು ನುಡಿಸುವುದು ಹಳ್ಳಿಯ ಸಾಮಾನ್ಯ ವಾದಕನಿಗೆ ಸುಲಭವಲ್ಲ. ಕುಣಿತದ ಸಂಗೀತವು ಅಂಗಳವನ್ನು ಬಿಟ್ಟು ಸಭಾಗೃಹವನ್ನು ಸೇರಿದಾಗ ಈ ಅಂತರ ಅನಿವಾರ್ಯವಾಯಿತು. 1926ರಲ್ಲಿ, 82ನೆಯ ವಯಸ್ಸಿನಲ್ಲಿ, ಅಮೆರಿಕದ ಮೇನ್ ಪ್ರಾಂತದಲ್ಲಿ ನಡೆದ ಪಿಟೀಲು ಸ್ಪರ್ಧೆಗೆ ಹೋದ ಅವನು ಜೊತೆಯ ಪಿಯಾನೋ ವಾದಕನೊಡನೆ ಹೊಂದಾಣಿಕೆಯಾಗದೆ ವೇದಿಕೆಯಿಂದ ಇಳಿದುಬಿಟ್ಟನು. ಮರುವರ್ಷ, 1927ರ ಮಾರ್ಚ್ 17ರಂದು, ಅಬರ್ಡೀನಿನಲ್ಲಿ ನಿಧನನಾದನು.

ಕಿವಿಯಿಂದ ಕಲಿತ ವಿದ್ಯೆ ಕಲಾವಿದನಿಗೆ ಬೇರನ್ನು ಕೊಡುತ್ತದೆ. ಶಾಸ್ತ್ರವು ಅದಕ್ಕೆ ಬಾಳಿಕೆಯನ್ನು ಕೊಡುತ್ತದೆ. ಸ್ಕಿನ್ನರ್ ಶಾಸ್ತ್ರವನ್ನು ಕಲಿತು ಊರಿನ ಮಟ್ಟನ್ನು ತೊರೆಯಲಿಲ್ಲ, ಅದನ್ನು ಬರೆದಿಟ್ಟನು. ಆದುದರಿಂದಲೇ ಅವನ ಕಮಾನು ನಿಂತು ಹಲವು ದಶಕಗಳು ಕಳೆದರೂ ಅವನ ಮಟ್ಟುಗಳು ನಿಂತಿಲ್ಲ.