ಸಹಿಸಿಕೊಳ್ಳಬೇಡ, ಹೇಳು

ಗರ್ಭಕೋಶದೊಳಗೆ ಬೆಳೆದ ಪಾಲಿಪ್ ಎಂಬ ಗಂಟನ್ನು ತೆಗೆಸಿಕೊಂಡು ಅದೇ ದಿನ ಸಂಜೆ ಮನೆಗೆ ಹೊರಟ ಹುಡುಗಿಯರ ಕೈಗೆ ಆಸ್ಪತ್ರೆಯವರು ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಎರಡು ಮೂರು ಮಾತ್ರೆಗಳ ಹೆಸರು, ಮತ್ತೆ ಯಾವಾಗ ಬರಬೇಕೆಂಬ ತಾರೀಖು, ಕೊನೆಗೆ ‘ಜ್ವರ ಅಥವಾ ಹೆಚ್ಚು ರಕ್ತಸ್ರಾವವಿದ್ದರೆ ಬನ್ನಿ’ ಎಂಬ ಒಂದು ಸಾಲು. ಹೆಚ್ಚು ಅಂದರೆ ಎಷ್ಟು, ಜ್ವರ ಅಂದರೆ ಎಷ್ಟು, ಅವೆರಡೂ ಇಲ್ಲದೆ ಬರುವ ನೂರೆಂಟು ಕಸಿವಿಸಿಗೆ ಏನು ಮಾಡಬೇಕು ಎನ್ನುವುದು ಆ ಹಾಳೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸ್ತ್ರೀರೋಗ ವಾರ್ಡಿನಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ಹಾಳೆಯಲ್ಲಿ ಬಿಟ್ಟುಹೋದದ್ದನ್ನು ಹೇಳುತ್ತೇನೆ, ಕೇಳು ಮಗಳೇ.

ನಿನಗೆ ಮಾಡಿದ್ದು ಹಿಸ್ಟರೋಸ್ಕೋಪಿ, ಜೊತೆಗೆ ಡಿ ಅಂಡ್ ಸಿ. ಗರ್ಭಕೋಶದ ಬಾಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಮೆಲ್ಲಗೆ ಅಗಲ ಮಾಡಿ, ಒಳಗೆ ಸಲೈನ್ ತುಂಬಿಸಿ, ಸಪೂರ ಕ್ಯಾಮೆರಾ ಇಳಿಸಿ ಪಾಲಿಪನ್ನು ಕತ್ತರಿಸಿದ್ದಾರೆ. ಒಳಪದರವನ್ನು ಕೆರೆದು ಪರೀಕ್ಷೆಗೆ ಕಳಿಸಿದ್ದಾರೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಹೊಟ್ಟೆಯ ಮೇಲೆ ಹೊಲಿಗೆ ಇಲ್ಲ, ಬ್ಯಾಂಡೇಜ್ ಇಲ್ಲ. ಹೊರಗೆ ಕಾಣುವಂಥದ್ದು ಏನೂ ಇಲ್ಲದ್ದರಿಂದ ಮನೆಯವರಿಗೂ ಆಫೀಸಿನವರಿಗೂ ಏನೂ ಆಗಿಲ್ಲ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ನಿನಗೂ ಹಾಗೇ ಅನ್ನಿಸಿ, ನೋವು ಬಂದಾಗ ನಿನ್ನ ಮೇಲೇ ನಿನಗೆ ಅನುಮಾನ ಬರುತ್ತದೆ. ಆ ಅನುಮಾನ ಬೇಡ. ನೋವಿಗೆ ಕಾರಣ ಇದೆ. ಗರ್ಭಕೋಶ ಪೂರಾ ಮಾಂಸಖಂಡದಿಂದಾದ ಚೀಲ. ಒಳಗೆ ಕೈಯಾಡಿಸಿದ ಮೇಲೆ ಅದು ಹಿಂಡಿಕೊಂಡು ತನ್ನ ರಕ್ತನಾಳಗಳನ್ನು ಬಿಗಿಯುತ್ತದೆ. ಆಗ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವೇ ಮುಟ್ಟಿನಲ್ಲೂ ನಿನ್ನ ಕಿಬ್ಬೊಟ್ಟೆ ನುಲಿಯುವಂತೆ ಮಾಡುವುದು. ಹಾಗಾಗಿ ಒಂದೆರಡು ದಿನ ಮುಟ್ಟಿನ ನೋವಿನಂಥದೇ ನೋವು, ಸೊಂಟ ಸೇದಿದಂತಾಗುವುದು, ತೊಡೆಯವರೆಗೆ ಎಳೆತ, ಎಲ್ಲವೂ ಸಹಜ.

ವಾರ್ಡಿನಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ‘ಏನಿಲ್ಲ ಸಿಸ್ಟರ್, ತಡ್ಕೊಳ್ತೀನಿ’ ಎನ್ನುವುದು. ಹಾಗೆ ಹೇಳಿದ ಒಬ್ಬ ಹುಡುಗಿಯ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು, ಮಂಚದ ಕಂಬಿ ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾಗಿತ್ತು, ನಾಡಿ ಓಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅತ್ತೆ ಹೆಮ್ಮೆಯಿಂದ ‘ನಮ್ಮ ಹುಡುಗಿ ಗಟ್ಟಿಗಿತ್ತಿ, ಒಂದು ಸೊಲ್ಲೆತ್ತಲ್ಲ’ ಅಂದರು. ಡ್ಯೂಟಿ ಡಾಕ್ಟರಿಗೆ ಹೇಳಿ ಇಂಜೆಕ್ಷನ್ ಕೊಡಿಸಿ, ಹೊಟ್ಟೆಗೆ ಶಾಖ ಇಟ್ಟ ಮೇಲೆ ಅವಳು ನಿದ್ದೆಹೋದಳು. ಆ ನಿದ್ದೆ ಅವಳಿಗೆ ಎರಡು ಗಂಟೆ ಮೊದಲೇ ಸಿಗಬಹುದಿತ್ತು. ಗಟ್ಟಿಗಿತ್ತಿ ಅನ್ನಿಸಿಕೊಳ್ಳುವುದಕ್ಕಾಗಿ ಆ ಎರಡು ಗಂಟೆ ಹಲ್ಲು ಕಚ್ಚಿ ಕಳೆದಳು.

ಅವಳು ಬಾಯಿ ಬಿಟ್ಟಿದ್ದರೆ ಇನ್ನೊಂದು ಉಪಕಾರವೂ ಆಗುತ್ತಿತ್ತು. ನೋವು ವೈದ್ಯರಿಗೆ ಬೇಕಾದ ಮಾಹಿತಿ. ಮಾತ್ರೆಗೆ ತಗ್ಗುವ ನೋವು ಬೇರೆ, ಮಾತ್ರೆ ನುಂಗಿದರೂ ಗಂಟೆಗಂಟೆಗೆ ಏರುವ ನೋವು ಬೇರೆ. ಎರಡನೆಯದು ಅಪರೂಪ, ಆದರೆ ಸೋಂಕಿನದೋ ಒಳಗಾದ ಗಾಯದ್ದೋ ಸೂಚನೆ ಆಗಿರಬಹುದು. ಬಾಯಿ ಮುಚ್ಚಿ ಮಲಗಿದವಳಿಗೆ ಯಾವುದು ಇದೆ ಅಂತ ಯಾರಿಗೆ ಗೊತ್ತಾಗಬೇಕು? ನರ್ಸು ‘ಹತ್ತರಲ್ಲಿ ಎಷ್ಟು ನೋವು’ ಅಂತ ಕೇಳಿದರೆ ಸಂಕೋಚಕ್ಕೆ ಎರಡು ಅನ್ನಬೇಡ. ಏಳು ಇದ್ದರೆ ಏಳು ಅನ್ನು.

ಮಾತ್ರೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಎರಡು ಬಗೆಯ ತಪ್ಪೂ ನಡೆಯುತ್ತದೆ. ಒಂದು, ‘ಆದಷ್ಟು ಮಾತ್ರೆ ಬೇಡ’ ಅಂತ ನೋವು ತುದಿ ಮುಟ್ಟುವ ತನಕ ಕಾಯುವುದು. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಆದ್ದರಿಂದ ನೋವು ತಲೆಯೆತ್ತುವಾಗಲೇ ತೆಗೆದುಕೊಂಡರೆ ಕೆಲಸ ಮಾಡುವಷ್ಟು, ಏರಿದ ಮೇಲೆ ಮಾಡುವುದಿಲ್ಲ. ಮೊದಲ ದಿನ ಡಾಕ್ಟರು ಬರೆದ ಹೊತ್ತಿಗೆ ಸರಿಯಾಗಿ, ಊಟವಾದ ಮೇಲೆ ನುಂಗು. ಖಾಲಿ ಹೊಟ್ಟೆಗೆ ಬೇಡ. ಅಲ್ಸರ್, ಮೂತ್ರಪಿಂಡದ ತೊಂದರೆ, ಅಸ್ತಮಾ ಏನಾದರೂ ಇದ್ದರೆ ಮೊದಲೇ ಅವರಿಗೆ ತಿಳಿಸು. ಇನ್ನೊಂದು ತಪ್ಪು, ಮೆಡಿಕಲ್ ಶಾಪಿನಿಂದ ಕೇಳಿ ತಂದು ಕಡಲೆಕಾಯಿ ತಿಂದ ಹಾಗೆ ತಿನ್ನುವುದು. ಮುಟ್ಟಿನ ನೋವಿಗೆ ಮನೆಮನೆಯಲ್ಲೂ ಇರುವ ಮೆಫ್ಟಾಲ್‌ನಲ್ಲಿರುವುದು ಮೆಫೆನಾಮಿಕ್ ಆಸಿಡ್. ಅದರಿಂದ ಅಪರೂಪಕ್ಕೆ ಮೈಯೆಲ್ಲ ದದ್ದು, ಜ್ವರ, ಒಳಾಂಗಗಳಿಗೆ ಪೆಟ್ಟು ತರುವ ತೀವ್ರ ಅಲರ್ಜಿ ಆಗಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಕೆ ಕೊಟ್ಟಿತು. ಹೆದರಿ ಬಿಡಬೇಕಾದ್ದಿಲ್ಲ, ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ಫೋನ್ ಮಾಡಬೇಕು. ಪ್ಯಾರಾಸಿಟಮಾಲ್ 650 ಬರೆದಿದ್ದರೆ ಎರಡರ ನಡುವೆ ಆರು ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕು ದಾಟದಿರಲಿ. ನೆಗಡಿಯ ಮಾತ್ರೆಗಳಲ್ಲೂ ಅದೇ ಸೇರಿರುತ್ತದೆ, ಲೆಕ್ಕ ತಪ್ಪೀತು. ತಲೆನೋವಿಗೆಂದು ಆಸ್ಪಿರಿನ್ ಮಾತ್ರ ಮುಟ್ಟಬೇಡ, ಅದು ರಕ್ತಸ್ರಾವ ಹೆಚ್ಚಿಸುತ್ತದೆ. ಆಂಟಿಬಯೋಟಿಕ್ ಕೊಟ್ಟಿದ್ದರೆ ಕೊನೆಯ ಮಾತ್ರೆಯವರೆಗೂ ಮುಗಿಸು. ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಬಾಯೆಲ್ಲ ಲೋಹದ ರುಚಿ ಬಂದರೆ ಗಾಬರಿಯಾಗಬೇಡ, ಅದು ಆ ಮಾತ್ರೆಯ ಗುಣ.

ಶಾಖಕ್ಕೆ ಹಾಟ್ ವಾಟರ್ ಬ್ಯಾಗಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಕುದಿಯುವ ನೀರು ಹಾಕಬಾರದು. ಬೆರಳು ಅದ್ದಿದರೆ ಥಟ್ಟನೆ ಹಿಂದೆಗೆಯದೆ ಕ್ಷಣ ಹೊತ್ತು ಇಡಬಹುದಾದಷ್ಟು ಬಿಸಿ ಸಾಕು. ಮುಕ್ಕಾಲು ಭಾಗ ತುಂಬಿ, ಚೀಲವನ್ನು ಎದೆಗೆ ಒತ್ತಿಕೊಂಡು ನೀರು ಬಾಯಿಯವರೆಗೆ ಏರಿದಾಗ, ಅಂದರೆ ಗಾಳಿಯೆಲ್ಲ ಹೊರಹೋದಾಗ, ಬಿರಡೆ ತಿರುಗಿಸು. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಹೊಕ್ಕುಳ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊ. ಅರಿವಳಿಕೆಯ ಮಂಪರು ಪೂರ್ತಿ ಇಳಿಯುವವರೆಗೆ ಒಬ್ಬಳೇ ಇಟ್ಟುಕೊಂಡು ನಿದ್ದೆ ಹೋಗಬೇಡ, ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಇದೇ ಶಾಖ, ತೆಳ್ಳಗೆ ಮಡಿಸಿದ ಬಟ್ಟೆಯಲ್ಲಿ, ಕೈಗೆ ಡ್ರಿಪ್ ಸೂಜಿ ಚುಚ್ಚಿದ ಜಾಗಕ್ಕೂ ಆಗುತ್ತದೆ. ಹಲವರಿಗೆ ಹೊಟ್ಟೆಗಿಂತ ಆ ಊದಿದ ಕೈಯೇ ನಾಲ್ಕು ದಿನ ಹೆಚ್ಚು ಕಾಡುತ್ತದೆ.

ಈಗ ರಕ್ತದ ಮಾತು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತೊಡನೆ ದಳದಳ ಇಳಿದು ಬಾತ್‌ರೂಮಿನವರೆಗೆ ಹನಿ ಬಿದ್ದರೆ ಎದೆ ಝಲ್ಲೆನ್ನುತ್ತದೆ. ರಾತ್ರಿಯೆಲ್ಲ ಮಲಗಿದ್ದಾಗ ಒಳಗೆ ನಿಂತದ್ದು ಎದ್ದಾಗ ಒಮ್ಮೆಲೆ ಬರುತ್ತದೆ, ಜೊತೆಗೆ ಒಂದೆರಡು ಸಣ್ಣ ಗಡ್ಡೆಯೂ ಬರಬಹುದು. ಕಮೋಡಿನ ಮೇಲೆ ಸ್ವಲ್ಪ ಹೊತ್ತು ಕೂತು, ಹೊಸ ಪ್ಯಾಡ್ ಹಾಕಿಕೊಂಡು ಗಡಿಯಾರ ನೋಡು. ಒಂದು ಗಂಟೆಯ ಮೇಲೆ ಪ್ಯಾಡಿನ ಅರ್ಧವೂ ತೋಯದಿದ್ದರೆ ಸಮಾಧಾನವಾಗಿರು. ಗಂಟೆಗೆ ಎರಡು ಪ್ಯಾಡ್ ಪೂರ್ತಿ ತೊಪ್ಪೆಯಾಗುವುದು ಎರಡು ಗಂಟೆ ಮುಂದುವರಿದರೆ ಕಾಯುವಂತಿಲ್ಲ, ರಾತ್ರಿ ಎರಡಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ 100.4 ಡಿಗ್ರಿ ಮುಟ್ಟಿದ ಜ್ವರ, ಕೆಟ್ಟ ವಾಸನೆಯ ಸ್ರಾವ, ತಲೆ ತಿರುಗಿ ಬೀಳುವುದು, ಮೂತ್ರ ಕಟ್ಟುವುದು ಇವಕ್ಕೂ ಬೆಳಗಾಗಲಿ ಎಂದು ಕಾಯಬೇಡ. ಮಿಕ್ಕಂತೆ ಮೊದಲ ದಿನ ನೀರುನೀರಾಗಿ ತಿಳಿಗೆಂಪು, ಆಮೇಲೆ ಕಂದು, ಆಮೇಲೆ ಬರೀ ಕಲೆ, ಹೀಗೆ ವಾರ ಎರಡು ವಾರ ಇರುತ್ತದೆ. ನಡುವೆ ಒಂದು ದಿನ ನಿಂತು ಮತ್ತೆ ಕಾಣಿಸಿಕೊಂಡರೂ ಅದು ಸಾಮಾನ್ಯವೇ.

ಗರ್ಭಕೋಶದ ಬಾಯಿ ಮುಚ್ಚಿಕೊಳ್ಳಲು ಸಮಯ ಬೇಕು. ಅಲ್ಲಿಯವರೆಗೆ ಪ್ಯಾಡ್ ಮಾತ್ರ. ಟ್ಯಾಂಪನ್ ಬೇಡ, ಮೆನ್‌ಸ್ಟ್ರುವಲ್ ಕಪ್ ಬೇಡ, ಈಜು ಬೇಡ, ಕೂಡುವುದೂ ಬೇಡ. ಎಷ್ಟು ದಿನ ಎನ್ನುವುದನ್ನು ನಿನ್ನ ಡಾಕ್ಟರೇ ಹೇಳಬೇಕು, ಸಾಮಾನ್ಯವಾಗಿ ಒಂದೆರಡು ವಾರ. ಮದುವೆಯಾದವಳಾದರೆ ಗಂಡನಿಗೂ ಈ ಮಾತು ಡಾಕ್ಟರ ಬಾಯಿಂದಲೇ ಕೇಳಿಸು. ಡೆಟಾಲ್ ನೀರಿನಲ್ಲೋ ಜಾಹೀರಾತಿನ ವಾಶ್‌ನಲ್ಲೋ ಒಳಗೆ ತೊಳೆಯುವ ಅಭ್ಯಾಸವಿದ್ದರೆ ಬಿಟ್ಟುಬಿಡು. ಹೊರಗಷ್ಟೇ ಬರಿ ನೀರಿನಲ್ಲಿ, ಮುಂದಿನಿಂದ ಹಿಂದಕ್ಕೆ ತೊಳೆದರೆ ಸಾಕು. ಸ್ನಾನ ನಿಂತು ಮಾಡು, ನಿಲ್ಲಲಾಗದಿದ್ದರೆ ಸ್ಟೂಲಿನ ಮೇಲೆ ಕೂತು.

ಮನೆಯಲ್ಲಿ ಅಜ್ಜಿ ಇದ್ದರೆ ಬಾಣಂತನದ ಎಲ್ಲ ಕಟ್ಟಳೆಯನ್ನೂ ನಿನ್ನ ಮೇಲೆ ಹೂಡಲು ಬರುತ್ತಾರೆ. ಅವರ ಅಕ್ಕರೆಯನ್ನು ತಳ್ಳಬೇಡ. ಮೆಣಸಿನ ಸಾರು, ಬಿಸಿ ಗಂಜಿ, ಜೀರಿಗೆ ಕಷಾಯ ಕುಡಿದರೆ ಅರಿವಳಿಕೆಯಿಂದ ಮೊಗಚಿಕೊಂಡ ಹೊಟ್ಟೆಗೆ ಹಿತ. ಆದರೆ ‘ನೀರು ಕುಡಿದರೆ ಹೊಟ್ಟೆ ಬರುತ್ತದೆ’ ಅಂತ ನೀರು ಕೊಡದಿದ್ದರೆ ಕೇಳಬೇಡ. ನೀರು ಧಾರಾಳವಾಗಿ ಬೇಕು. ನೀರಿಲ್ಲದಿದ್ದರೆ ಮೂತ್ರ ಉರಿ, ಮಲಬದ್ಧತೆ, ತಿಣುಕಿದಷ್ಟೂ ಕಿಬ್ಬೊಟ್ಟೆ ನೋವು. ಹೊಟ್ಟೆಗೆ ಸೀರೆ ಬಿಗಿದು ಕಟ್ಟುವುದೂ ಇದಕ್ಕೆ ಬೇಕಿಲ್ಲ. ಮೊದಲೇ ಹೆಚ್ಚು ರಕ್ತ ಹೋಗಿಯೇ ನೀನು ಆಸ್ಪತ್ರೆ ಮೆಟ್ಟಿಲು ಹತ್ತಿದ್ದು, ಆದ್ದರಿಂದ ಹಿಮೋಗ್ಲೋಬಿನ್ ಎಷ್ಟಿದೆ ನೋಡಿಕೊ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ಆಪರೇಷನ್ನಿನ ಸುಸ್ತು ಅಂತ ತಿಂಗಳುಗಟ್ಟಲೆ ತಳ್ಳಿಕೊಂಡು ಬಂದ ಎಷ್ಟೋ ಜನರನ್ನು ಕಂಡಿದ್ದೇನೆ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಟೀ ಜೊತೆ ನುಂಗಬೇಡ, ನಿಂಬೆ ಪಾನಕದ ಜೊತೆ ನುಂಗು. ಮಲ ಕಪ್ಪಗಾಗುತ್ತದೆ, ಅದಕ್ಕೆ ಅಂಜಬೇಡ.

ನೀನು ಬೆಂಗಳೂರಿನಲ್ಲಿ ಪಿಜಿಯಲ್ಲಿ ಇರುವವಳಾದರೆ ಇದನ್ನು ಗಟ್ಟಿಯಾಗಿ ಹೇಳಬೇಕು. ಮೊದಲ ಇಪ್ಪತ್ತನಾಲ್ಕು ಗಂಟೆ ಒಬ್ಬಳೇ ಇರಬೇಡ. ಸ್ಕೂಟಿ ಓಡಿಸಬೇಡ, ದುಡ್ಡಿನ ಕಾಗದಕ್ಕೆ ಸಹಿ ಹಾಕಬೇಡ, ಬಾತ್‌ರೂಮಿನ ಚಿಲಕ ಹಾಕಬೇಡ. ರೂಮ್‌ಮೇಟಿಗೆ ‘ಸ್ವಲ್ಪ ಹುಷಾರಿಲ್ಲ’ ಅಂತ ಹೇಳಿ ಗೋಡೆಗೆ ತಿರುಗಿ ಮಲಗಿದರೆ ಅವಳಿಗೆ ಏನು ಮಾಡಬೇಕೆಂದು ತಿಳಿಯದು. ಏನು ಮಾಡಿಸಿಕೊಂಡೆ, ಯಾವ ಆಸ್ಪತ್ರೆ, ಯಾವ ನಂಬರು, ಎಷ್ಟು ರಕ್ತ ಹೋದರೆ ನನ್ನನ್ನು ಕರೆದೊಯ್ಯಬೇಕು ಎಂಬುದನ್ನು ಅವಳಿಗೆ ಬಿಡಿಸಿ ಹೇಳು. ಊರಲ್ಲಿ ಅಮ್ಮನಿಗೆ ಹೇಳಲು ಕಷ್ಟವಾದರೆ ಚಿಕ್ಕಮ್ಮನಿಗಾದರೂ ಹೇಳು, ಅಪ್ಪನಿಗೂ ಹೇಳಬಹುದು. ಕೇಳಿದರೆ ಓಡಿ ಬರುವ ಅಪ್ಪಂದಿರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಆಫೀಸಿನ ಮ್ಯಾನೇಜರಿಗೆ ಯಾವ ಅಂಗಕ್ಕೆ ಏನಾಯಿತೆಂದು ಬಿಡಿಸಿ ಹೇಳಬೇಕಾದ್ದಿಲ್ಲ. ‘ಡೇ ಕೇರ್ ಚಿಕಿತ್ಸೆ ಆಗಿದೆ, ಇಷ್ಟು ದಿನ ವಿಶ್ರಾಂತಿ ಬೇಕು’ ಎಂದಷ್ಟೇ ಬರೆದುಕೊಡಿ ಅಂತ ಡಾಕ್ಟರನ್ನು ಕೇಳು.

ನಮ್ಮ ಕಾಲದ ಹುಡುಗಿಯರಿಗೆ ಇವನ್ನೆಲ್ಲ ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದವರು ಡಾ. ಅನುಪಮಾ ನಿರಂಜನ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅವರ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಪುಸ್ತಕಗಳು ಮಾಡಿದ ದೊಡ್ಡ ಉಪಕಾರವೆಂದರೆ ಹೆಂಗಸಿನ ಮೈಯ ಬಗ್ಗೆ ಹೆಂಗಸು ನಾಚದೆ ಮಾತಾಡಬಹುದು ಎಂಬ ಧೈರ್ಯ. ಆ ಧೈರ್ಯ ಇಷ್ಟು ವರ್ಷಗಳಾದರೂ ಎಲ್ಲ ಮನೆಗಳಿಗೂ ತಲುಪಿಲ್ಲ ಎನ್ನುವುದು ನನಗಿರುವ ಸಂಕಟ.

ಗರ್ಭ ನಿಲ್ಲದೆ ಹೋಗಿ ಇದೇ ಚಿಕಿತ್ಸೆ ಮಾಡಿಸಿಕೊಂಡವಳು ಇದನ್ನು ಓದುತ್ತಿದ್ದರೆ, ನಿನಗೆ ಬೇರೆಯೇ ಹೇಳಬೇಕು. ಎದೆ ಭಾರ, ಕಾರಣವಿಲ್ಲದ ಅಳು, ಇನ್ನೂ ಪಾಸಿಟಿವ್ ತೋರಿಸುವ ಪರೀಕ್ಷೆಯ ಕಡ್ಡಿ, ಇವು ಕೆಲವು ವಾರ ಇರುತ್ತವೆ. ಹಾರ್ಮೋನು ಇಳಿಯಲು ಅಷ್ಟು ಕಾಲ ಬೇಕು. ನೀನು ಎತ್ತಿದ ಬಿಂದಿಗೆ, ಹತ್ತಿದ ಬಸ್ಸು, ತಿಂದ ಪಪ್ಪಾಯಿ ಹಣ್ಣು ಇದಕ್ಕೆ ಕಾರಣವಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮಿನ ದೋಷ. ನಿನ್ನ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕೇ ಅಂತ ಕೇಳು. ಎರಡು ವಾರದಲ್ಲೇ ಮತ್ತೆ ಅಂಡ ಬಿಡುಗಡೆಯಾಗಬಹುದು, ಗರ್ಭ ಸದ್ಯಕ್ಕೆ ಬೇಡವಾದರೆ ಅದಕ್ಕೂ ವ್ಯವಸ್ಥೆ ಕೇಳು. ಉದ್ಯೋಗದಲ್ಲಿದ್ದರೆ ಹೆರಿಗೆ ಸೌಲಭ್ಯದ ಕಾಯಿದೆಯಲ್ಲಿ ಗರ್ಭಪಾತವಾದವರಿಗೆ ಸಂಬಳಸಹಿತ ಆರು ವಾರ ರಜೆ ಇದೆ. ಕಾಯಿದೆ ಅನ್ವಯಿಸುವ ಕಡೆ ಅದು ನಿನ್ನ ಹಕ್ಕು, ಯಾರ ದಯೆಯೂ ಅಲ್ಲ. ಸೋಮವಾರವೇ ಕೆಲಸಕ್ಕೆ ಹೋಗಿ ಲ್ಯಾಪ್‌ಟಾಪ್ ಮುಂದೆ ಕಣ್ಣೊರೆಸಿಕೊಳ್ಳುತ್ತ ಕೂರಬೇಡ.

ಇನ್ನು ಪರೀಕ್ಷೆಗೆ ಕಳಿಸಿದ್ದು. ವರದಿ ಬರಲು ವಾರ ಹತ್ತು ದಿನ ಹಿಡಿಯುತ್ತದೆ. ನಿನ್ನ ವಯಸ್ಸಿನವರ ಪಾಲಿಪ್‌ಗಳಲ್ಲಿ ಬಹುಪಾಲು ನಿರಪಾಯದವು, ಆದರೂ ಫೋನ್ ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಅಂತ ಊಹಿಸಿ ಕೂರಬಾರದು. ನೀನೇ ಹೋಗಿ ವರದಿ ತಗೊ, ಡಾಕ್ಟರ ಎದುರು ಕೂತು ಸಾಲುಸಾಲಾಗಿ ಅರ್ಥ ಕೇಳು, ಒಂದು ಪ್ರತಿ ಫೈಲಿಗೆ ಹಾಕು. ಮುಂದಿನ ಮುಟ್ಟು ನಾಲ್ಕರಿಂದ ಆರು ವಾರದೊಳಗೆ ಬರಬಹುದು, ಮೊದಲಿನ ಲೆಕ್ಕಕ್ಕೆ ಹೊಂದುವುದಿಲ್ಲ. ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕು, ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್ ಆಯಿತು ಬರೆದಿಡು. ಎಂಟು ವಾರವಾದರೂ ಬರದಿದ್ದರೆ, ಬಂದರೂ ಬರೀ ಕಲೆಯಷ್ಟೇ ಕಂಡರೆ, ಒಳಗೆ ಪದರ ಅಂಟಿಕೊಂಡಿದೆಯೇ ಎಂದು ನೋಡಿಸಬೇಕಾಗುತ್ತದೆ. ಆ ಕ್ಯಾಲೆಂಡರನ್ನು ತಪಾಸಣೆಗೆ ಹೋಗುವಾಗ ಜೊತೆಗೇ ಒಯ್ಯಿ.