ಫೀ ಕಟ್ಟುವ ಮುಂಚೆ ಇಷ್ಟು ಕೇಳಿ

ಊರಲ್ಲಿ ಐಟಿಐಗೆ ಮಕ್ಕಳನ್ನು ಸೇರಿಸುವಾಗ ತಿಳಿದವರು ಕೇಳುವುದು ಒಂದೇ: ಎನ್‌ಸಿವಿಟಿಯೋ, ಎಸ್‌ಸಿವಿಟಿಯೋ? ಒಂದು ರಾಷ್ಟ್ರಮಟ್ಟದ್ದು, ಇನ್ನೊಂದು ರಾಜ್ಯದ್ದು. ಮಹಾರಾಷ್ಟ್ರದ ಸರ್ಕಾರಿ ನೌಕರಿಗೆ ಎಂಎಸ್‌-ಸಿಐಟಿ ಕಂಪ್ಯೂಟರ್ ಸರ್ಟಿಫಿಕೇಟ್ ನಡೆಯುತ್ತದೆ. ಉದಗೀರದಿಂದ ಗಡಿ ದಾಟಿ ಬೀದರಿಗೆ ಹೋದರೆ ಕರ್ನಾಟಕದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೇ ಬೇರೆ. ಅಮೆರಿಕದಲ್ಲೂ ಹಾಗೆಯೇ. ಕೋರ್ಸಿನ ಹೆಸರಿಗಿಂತ, ಅದರ ಸರ್ಟಿಫಿಕೇಟನ್ನು ಯಾರು ಒಪ್ಪುತ್ತಾರೆ ಎಂಬುದು ಮುಖ್ಯ.

ಲೈಸೆನ್ಸ್ ಬೇಕಾದ ಕೆಲಸಗಳು: ನರ್ಸಿಂಗ್ ಅಸಿಸ್ಟೆಂಟ್ ಆಗಲು ಫೆಡರಲ್ ನಿಯಮದಂತೆ ಕನಿಷ್ಠ 75 ತಾಸು ತರಬೇತಿ ಬೇಕು. ಅದರಲ್ಲಿ 16 ತಾಸು ನರ್ಸ್ ಕಣ್ಣೆದುರು ಕೈಯಾರೆ ಮಾಡಿ ಕಲಿಯಬೇಕು. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಕೇಳುತ್ತವೆ. ಆದ್ದರಿಂದ ‘ಎಲ್ಲವೂ ಆನ್‌ಲೈನ್’ ಎನ್ನುವವರಿಂದ ದೂರವಿರಿ. ಟ್ರಕ್ ಲೈಸೆನ್ಸಿಗೆ ಹೊಸದಾಗಿ ಹೊರಟವರು, ಶಾಲೆ ಫೆಡರಲ್ ಟ್ರೈನಿಂಗ್ ಪ್ರೊವೈಡರ್ ರಿಜಿಸ್ಟ್ರಿಯಲ್ಲಿ ಇದೆಯೇ ನೋಡಿ. 2022ರ ಫೆಬ್ರವರಿಯಿಂದ ಇದು ಕಡ್ಡಾಯ.

ಹಣದ ನೆರವು: 2025ರ ಕಾನೂನಿನಂತೆ, 2026ರ ಜುಲೈ 1ರಿಂದ 8 ವಾರಕ್ಕೆ ಕಡಿಮೆಯಿಲ್ಲದ, 15 ವಾರದೊಳಗಿನ ಕೋರ್ಸುಗಳಿಗೂ ಫೆಡರಲ್ ಸರ್ಕಾರದ ಪೆಲ್ ಗ್ರಾಂಟ್ ಅನ್ವಯಿಸುತ್ತದೆ. ಷರತ್ತು ಬಿಗಿ: ಸೇರಿದವರಲ್ಲಿ ಶೇ. 70 ಮಂದಿ ಮುಗಿಸಿರಬೇಕು, ಮುಗಿಸಿದವರಲ್ಲಿ ಶೇ. 70 ಮಂದಿಗೆ ಕೆಲಸ ಸಿಕ್ಕಿರಬೇಕು. ಗ್ರೀನ್ ಕಾರ್ಡ್ ಇದ್ದವರು ಅರ್ಜಿ ಹಾಕಬಹುದು, ಎಚ್‌-4 ವೀಸಾದವರಿಗೆ ಇದಿಲ್ಲ. ಗ್ರಾಂಟ್ ಸಿಗಲಿ ಬಿಡಲಿ, ಯಾವ ಶಾಲೆಗೆ ಹೋದರೂ ಈ ಎರಡು ಲೆಕ್ಕ ಕೇಳಿ, ಬರಹದಲ್ಲಿ ಪಡೆಯಿರಿ. ನಡುವೆ ಬಿಟ್ಟರೆ ಫೀ ಎಷ್ಟು ವಾಪಸ್ ಎಂಬುದನ್ನೂ ಬರೆಸಿಕೊಳ್ಳಿ.

ನಮ್ಮ ಕಡೆಯವರ ಕಾಗದಪತ್ರ: ಮರಾಠಿಯಲ್ಲಿರುವ ದಾಖಲೆಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಮಾಡಿಸಿ. ಜಿಲ್ಲೆಯ ಹೆಸರು ಇಲ್ಲಿಯವರಿಗೆ ತೊಡಕಾಗಬಹುದು. ನಿಲಂಗಾ, ಉದಗೀರ 1956ರವರೆಗೆ ಬೀದರ್ ಜಿಲ್ಲೆ, ಆಮೇಲೆ ಉಸ್ಮಾನಾಬಾದ್, 1982ರಿಂದ ಲಾತೂರ. ಉಮರ್ಗಾದವರ ಹಳೆಯ ಮಾರ್ಕ್ಸ್ ಕಾರ್ಡಿನಲ್ಲಿ ಉಸ್ಮಾನಾಬಾದ್ ಇದ್ದರೆ ಹೊಸ ದಾಖಲೆಯಲ್ಲಿ ಧಾರಾಶಿವ. ಎರಡೂ ಒಂದೇ ಎಂದು ತಿಳಿಸುವ ಸರ್ಕಾರಿ ಅಧಿಸೂಚನೆಯ ಪ್ರತಿ ಜೊತೆಗಿಡಿ.

ಎಲ್ಲಿಂದ ಶುರು ಮಾಡುವುದು: ಹತ್ತಿರದ ಅಮೆರಿಕನ್ ಜಾಬ್ ಸೆಂಟರಿಗೆ ಹೋಗಿ. ಸಲಹೆಗೆ ದುಡ್ಡಿಲ್ಲ. ನಿಮ್ಮ ರಾಜ್ಯ ಮಾನ್ಯ ಮಾಡಿದ ತರಬೇತಿ ಸಂಸ್ಥೆಗಳ ಪಟ್ಟಿ ಅಲ್ಲಿ ಸಿಗುತ್ತದೆ. ನೀವು ಆರಿಸಿದ ಶಾಲೆ ಅದರಲ್ಲಿ ಇಲ್ಲದಿದ್ದರೆ, ಯಾಕಿಲ್ಲ ಎಂದು ಶಾಲೆಯವರನ್ನೇ ಕೇಳಿ. ಉತ್ತರ ಸಿಕ್ಕ ಮೇಲೆ ಚೆಕ್ ಬರೆಯಿರಿ.